ಮೂವತ್ತಾರು ತೂತಿನ ಅಬ್ಬು

ಬೆಳಗಿನ ಐದು ಗಂಟೆ. ಗುಂಡ್ಲುಪೇಟೆಯ ಊಟಿ ರಸ್ತೆಯ ಬದಿಯಲ್ಲಿ ಲಾರಿಗಳು ಒಂದರ ಹಿಂದೊಂದು ನಿಂತಿವೆ. ಬಂಡೀಪುರದ ಗೇಟು ತೆರೆಯುವುದು ಆರಕ್ಕೆ. ಐದೂವರೆಯ ಸುಮಾರಿಗೆ ಡ್ರೈವರುಗಳು ಒಬ್ಬೊಬ್ಬರೇ ಎದ್ದು ಇಂಜಿನ್ ಚಾಲೂ ಮಾಡುತ್ತಾರೆ. ಅಲ್ಲಿಂದಾಚೆಗೆ ಈ ರಸ್ತೆಯಲ್ಲಿ ಪಕ್ಕದವರ ಮಾತೂ ಕೇಳಿಸುವುದಿಲ್ಲ. ಹಾಗಾಗಿ ಮರಿಮಲ್ಲಪ್ಪನವರ ಮುಖ್ಯ ಕೆಲಸಕ್ಕೆ ದಿನಕ್ಕೆ ಸಿಗುವುದು ಅರ್ಧ ಗಂಟೆ ಮಾತ್ರ.

ತಗಡಿನ ಅಂಗಡಿಯ ಬಾಗಿಲನ್ನು ಅರ್ಧ ಎತ್ತಿ, ಅವರು ಒಳಗೆ ಮಣೆಯ ಮೇಲೆ ಕುಳಿತಿದ್ದಾರೆ. ಹಣೆಯಲ್ಲಿ ಆಗಷ್ಟೇ ಹಚ್ಚಿದ ವಿಭೂತಿ, ತೊಡೆಯ ಮೇಲೆ ಹಳೆಯ ಟವೆಲು, ಟವೆಲಿನ ಮೇಲೆ ಒಂದು ಸೈಕಲ್ ಹಬ್. ಚಕ್ರದ ನಟ್ಟನಡುವೆ ಇದ್ದು, ಕಡ್ಡಿಗಳೆಲ್ಲ ಬಂದು ಸೇರುವ ಭಾಗ ಅದು. ಅದರ ಅಚ್ಚಿನ ಒಂದು ತುದಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಮೆಲ್ಲಗೆ ತಿರುಗಿಸುತ್ತಾರೆ. ಕಣ್ಣು ಮುಚ್ಚಿದೆ. ಎರಡು ಸುತ್ತು, ಮೂರು ಸುತ್ತು. ತುದಿ ಬದಲಿಸಿ ಮತ್ತೆ ಅಷ್ಟೇ ಸುತ್ತು.

“ಒಳ್ಗೆ ಗುಂಡು ಉಳ್ಳೋದು ಕೇಳ್ತದೆ. ಚೆನ್ನಾಗಿದ್ರೆ ಮೊರದಿಂದ ರಾಗಿ ಸುರ್ದಂಗೆ ಒಂದೇ ಸಮ ಕೇಳ್ತದೆ. ಕೆಟ್ಟಿದ್ರೆ ನಡುನಡುವೆ ತಡೀತದೆ,” ಎನ್ನುತ್ತಾರೆ ಅವರು.

ಟೀ ಲೋಟ ಹಿಡಿದು ಬಂದ ಹೆಂಡತಿ ಗುರುಮಲ್ಲಮ್ಮ ಬಾಗಿಲಲ್ಲೇ ನಿಲ್ಲುತ್ತಾರೆ. “ಮುಗೀತಾ ನಿಮ್ ಫೋನ್ ಮಾತು? ಅದು ತಿರ್ಗಾ ಏನಾರ ಮಾತಾಡ್ತಾ?”

“ಮಾತಾಡ್ತು. ಟೀಗೆ ಸಕ್ಕರೆ ಕಮ್ಮಿ ಹಾಕು ಅಂತು,” ಎನ್ನುತ್ತಾರೆ ಮರಿಮಲ್ಲಪ್ಪ, ಕಣ್ಣು ತೆರೆಯದೆ.

ಅರವತ್ತೊಂದು ವರ್ಷದ ಮರಿಮಲ್ಲಪ್ಪ ಈ ಅಂಗಡಿ ಇಟ್ಟು ಮೂವತ್ತೆರಡು ವರ್ಷವಾಗಿದೆ. ದಿನಕ್ಕೆ ಹತ್ತು ಹನ್ನೆರಡು ಪಂಕ್ಚರ್, ಒಂದೆರಡು ಬ್ರೇಕು, ಶಾಲೆ ಶುರುವಾಗುವ ತಿಂಗಳಲ್ಲಿ ಇನ್ನಷ್ಟು. ಹೊರಗಿನಿಂದ ನೋಡಿದರೆ ಎಲ್ಲ ಊರಲ್ಲೂ ಇರುವಂಥದೇ ಸೈಕಲ್ ಅಂಗಡಿ. ಆದರೆ ಬೆನ್ನಿಗೆ, ಪಕ್ಕಕ್ಕೆ ಚೀಲ ಕಟ್ಟಿಕೊಂಡು ದೂರದೂರಿಗೆ ಸೈಕಲ್ಲಿನಲ್ಲಿ ಹೋಗುವವರು ಮೈಸೂರು, ಊಟಿ, ವಯನಾಡಿನ ಕಡೆಯಿಂದ ಈ ಅಂಗಡಿಯನ್ನು ಹುಡುಕಿಕೊಂಡು ಬರುತ್ತಾರೆ. ಯಾರ ಸೈಕಲ್ಲಿಗೆ ಯಾವ ಹಬ್ ಆಗಬೇಕು ಎಂಬುದನ್ನು ಆರಿಸಿ, ಅದರ ಸುತ್ತ ಚಕ್ರ ಕಟ್ಟಿಕೊಡುವುದು ಇವರ ವಿಶೇಷ. ತಿಂಗಳಿಗೆ ಮೂರೋ ನಾಲ್ಕೋ ಚಕ್ರ. ಈ ಕೆಲಸ ಹಿಡಿದ ಹನ್ನೊಂದು ವರ್ಷದಲ್ಲಿ ನಾನೂರು ದಾಟಿರಬಹುದು ಎಂಬುದು ಅವರ ಅಂದಾಜು.

ಹುಡುಕಿಕೊಂಡು ಬಂದವರಲ್ಲಿ ಅರ್ಧ ಜನಕ್ಕೆ ಅವರ ಹೆಸರು ಗೊತ್ತಿರುವುದಿಲ್ಲ. ಈ ಸೀಮೆಯ ಬಾಯಲ್ಲಿ ಹಬ್ ಎಂಬುದು ಅಬ್ಬು. ಬೋರ್ಡು ಬರೆಯುವವನಿಗೆ ಮರಿಮಲ್ಲಪ್ಪ ಬಾಯಲ್ಲಿ ಹೇಳಿದ್ದನ್ನು ಅವನು ಹಾಗೆಯೇ ಬರೆದ: ‘ಅಬ್ಬು ಸೈಕಲ್ ವರ್ಕ್ಸ್’. ಓದಿದವರು ಅಬ್ಬು ಎಂಬುದು ಮಾಲೀಕರ ಹೆಸರು ಎಂದುಕೊಂಡರು. ಕೇರಳದಿಂದ ಬರುವ ಹುಡುಗರು ಅದನ್ನು ಮುಸ್ಲಿಮರ ಹೆಸರೆಂದುಕೊಂಡು ‘ಅಬ್ಬುಕ್ಕಾ’, ಅಂದರೆ ಅಬ್ಬು ಅಣ್ಣಾ, ಎಂದು ಕೂಗುತ್ತಾ ಸೈಕಲ್ ಇಳಿಯುತ್ತಾರೆ. ಹಣೆತುಂಬ ವಿಭೂತಿ ಇಟ್ಟವರು ಎದ್ದು ಬಂದು “ನಾನೇ, ಬನ್ನಿ” ಎಂದಾಗ ಅವರಿಗೆ ಗಲಿಬಿಲಿಯಾಗುತ್ತದೆ. “ಎಷ್ಟ್ ಜನಕ್ಕೆ ಬುಡಿಸಿ ಯೋಳನ? ಕರ್ದೋರು ಬಂದ್ರೆ ಸಾಕು,” ಎನ್ನುತ್ತಾರೆ ಇವರು.

ಅವರು ಬೆಳೆದದ್ದು ಬೇಗೂರು ಕಡೆಯ ಹಳ್ಳಿಯಲ್ಲಿ. ಮನೆಯಲ್ಲಿ ಹೊಲ, ಎರಡು ಜೊತೆ ಎತ್ತು, ಗಾಡಿ. ಎಸ್ಸೆಸ್ಸೆಲ್ಸಿ ಇಂಗ್ಲಿಷಿನಲ್ಲಿ ಎರಡು ಸಲ ನಪಾಸಾದ ಮೇಲೆ ಚಾಮರಾಜನಗರದ ಒಂದು ಸೈಕಲ್ ಅಂಗಡಿ ಸೇರಿ ಏಳು ವರ್ಷ ದುಡಿದರು. ಸ್ವಂತ ಅಂಗಡಿ ಇಟ್ಟ ಕೆಲವೇ ವರ್ಷಕ್ಕೆ ಊರಿಗೆ ಬೈಕುಗಳು ಬಂದವು. ಬಾಡಿಗೆ ಸೈಕಲ್ಲು ಕೇಳುವವರು ನಿಂತೇಹೋದರು. ಒಂದಷ್ಟು ದಿನ ಅಂಗಡಿಯಲ್ಲಿ ತೆಂಗಿನಕಾಯಿಯನ್ನೂ ಮಾರಿದ್ದುಂಟು. ಆಮೇಲೆ ಒಂದು ದಿನ ಊಟಿಗೆ ಹೊರಟಿದ್ದ ಸವಾರನೊಬ್ಬನ ಹಿಂದಿನ ಅಚ್ಚು ಅಂಗಡಿಯ ಮುಂದೆಯೇ ಮುರಿಯಿತು. ಅದನ್ನು ಕೂರಿಸಿಕೊಟ್ಟವರಿಗೆ, ಅಚ್ಚು ಯಾಕೆ ಆ ಜಾಗದಲ್ಲೇ ತುಂಡಾಯಿತು ಎಂಬ ಪ್ರಶ್ನೆ ತಲೆಗೆ ಹೊಕ್ಕಿತು. ಅವತ್ತು ಹತ್ತಿದ ಹಬ್ಬಿನ ಗೀಳು ಇನ್ನೂ ಇಳಿದಿಲ್ಲ.

ಇಷ್ಟು ವರ್ಷ ಸೀಮೆಎಣ್ಣೆಯಲ್ಲಿ ಅದ್ದಿದ ಅವರ ಬೆರಳ ತುದಿಗಳು ಈಗ ಮಂದವಾಗಿವೆ. ಕಿವಿ ಚುರುಕು, ಕೈ ಅಲ್ಲ. ಅಲ್ಲಿಂದ ಮುಂದಿನದು ಗುರುಮಲ್ಲಮ್ಮನವರ ಪಾಲು. ಹಬ್ಬಿನ ಒಳಗಿನ ಉಕ್ಕಿನ ಗುಂಡುಗಳನ್ನು ತೊಳೆದು, ಒಂದೊಂದನ್ನೂ ಹೆಬ್ಬೆರಳು ತೋರುಬೆರಳ ನಡುವೆ ಉರುಳಿಸಿ, ಸವೆದದ್ದನ್ನು ಆಚೆಗೆ ಎಸೆಯುತ್ತಾರೆ. “ಅಕ್ಕೀಲಿ ಕಲ್ ಆರ್ಸೋ ಕೈ ಇದು. ಇವ್ರಿಗೆ ಅನ್ನದಲ್ಲಿ ಕಲ್ ಸಿಕ್ಕಿದ್ರೆ ತಾನೇ ಗೊತ್ತಾಗೋದು,” ಎಂಬುದು ಅವರ ಮಾತು.

ಇವತ್ತು ಬುಧವಾರ. ಏಳೂವರೆಗೆ ಮಾನಸ ಬರುತ್ತಾರೆ. ಇಪ್ಪತ್ತೊಂಬತ್ತು ವರ್ಷದ ಇವರು ಚಂದಕವಾಡಿಯವರು, ಚಾಮರಾಜನಗರದ ಶಾಲೆಯೊಂದರಲ್ಲಿ ಗಣಿತದ ಶಿಕ್ಷಕಿ. ಬೇಸಿಗೆ ರಜೆಯಲ್ಲಿ ಸತ್ಯಮಂಗಲ, ಮಧುರೆ, ರಾಮೇಶ್ವರ, ಕನ್ಯಾಕುಮಾರಿ ನೋಡಿಕೊಂಡು, ಕೇರಳದ ಕರಾವಳಿ ಹಿಡಿದು ವಯನಾಡು ಗಡಿಯ ಮದ್ದೂರಿನ ಮೇಲೆ ಗುಂಡ್ಲುಪೇಟೆಗೆ ವಾಪಸಾಗುವ ಆಲೋಚನೆ. ಒಬ್ಬರೇ. ಸುಮಾರು ಸಾವಿರದ ನಾನೂರು ಕಿಲೋಮೀಟರ್, ಇಪ್ಪತ್ತೊಂದು ದಿನ, ಸೈಕಲ್ಲಿನ ಮೇಲೆ ಹದಿನೆಂಟು ಕಿಲೋ ಸಾಮಾನು. ಕಾಡಿನ ಭಾಗ ಬಂದಾಗ ಮಾತ್ರ ಸೈಕಲ್ಲನ್ನು ಯಾವುದಾದರೂ ಗೂಡ್ಸ್ ಗಾಡಿಗೆ ಹಾಕಿಕೊಂಡು ದಾಟುತ್ತಾರೆ. ಹೊರಡುವುದು ಸೋಮವಾರ. ಚೀಲದಿಂದ ಅವರು ತೆಗೆದಿಡುವ ಎರಡು ಹಬ್ಬುಗಳು ನೀಲಿ ಬಣ್ಣದವು, ಹಗುರ, ಒಡವೆಯ ಹಾಗೆ ಮಿನುಗುತ್ತವೆ. ಒಂದೊಂದರಲ್ಲೂ ಮೂವತ್ತೆರಡು ತೂತು, ಅಂದರೆ ಮೂವತ್ತೆರಡು ಕಡ್ಡಿಗೆ ಜಾಗ.

“ಇವನ್ನ ಹಾಕಿ ಚಕ್ರ ಕಟ್ಕೊಡಿ ಅಂಕಲ್.”

ಮರಿಮಲ್ಲಪ್ಪ ಹಿಂದುಮುಂದು ತಿರುಗಿಸಿ ನೋಡುತ್ತಾರೆ. “ಅಂದವಾಗವೆ. ದಾರೀಲಿ ಕೆಟ್ರೆ ಯಾರ್ ಬಿಚ್ತಾರೆ?”

“ಸೀಲ್ ಬೇರಿಂಗು, ಗುಂಡಿನ ಮೇಲೆಲ್ಲ ರಬ್ಬರ್ ಮುಚ್ಚಿರುತ್ತೆ. ಕೆಡಲ್ಲ.”

“ಕೆಡಲ್ಲ ಅನ್ನೋದ್ನ ಬುಡವ್ವ. ಕೆಟ್ರೆ ಅಂತ ಕ್ಯೋಳ್ದೆ.”

“ಕೆಟ್ರೆ ಆಗ ನೋಡೋಣ.”

“ಹಂಗಾದ್ರೆ ನನ್ ಕೈಲಿ ಆಗಲ್ಲ. ಮೈಸೂರಲ್ಲಿ ಕಟ್ಕೊಡ್ತಾರೆ. ಅವ್ರೂ ಚೆನ್ನಾಗೇ ಕಟ್ತಾರೆ.”

ಮಾನಸ ಸಿಟ್ಟಿನಿಂದ ಹಬ್ಬುಗಳನ್ನು ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಆದರೆ ಹೊರಡುವುದಿಲ್ಲ. ಇಷ್ಟು ದೂರ ಬಂದದ್ದಕ್ಕೆ ಕಾರಣವಾದರೂ ತಿಳಿಯಲಿ ಎಂಬ ಮುಖ. ಮರಿಮಲ್ಲಪ್ಪ ಟ್ಯೂಬಿಗೆ ಗಾಳಿ ಹಾಕುತ್ತಾ ಕೂರುತ್ತಾರೆ. ಕಾರಣ ಹೇಳಬೇಕಾದವರು ಗುರುಮಲ್ಲಮ್ಮ. “ಕೂತ್ಕಳಮ್ಮಿ. ಇವ್ರು ಯೋಳಲ್ಲ, ನಾನ್ ಯೋಳ್ತಿನಿ,” ಎಂದು ಅವರು ಶುರು ಮಾಡುತ್ತಾರೆ.

ಎಂಟು ವರ್ಷದ ಹಿಂದಿನ ಮಾತು. ಚಾಮರಾಜನಗರದ ಸಹಕಾರ ಸಂಘವೊಂದರಲ್ಲಿ ಗುಮಾಸ್ತರಾಗಿದ್ದ ಸೋಮಶೇಖರ್ ಇಂಥದೇ ಸೀಲ್ ಮಾಡಿದ ಬೇರಿಂಗಿನ ಹಬ್ ತಂದಿದ್ದರು. ಮರಿಮಲ್ಲಪ್ಪ ಅದುವರೆಗೆ ಅಂಥದನ್ನು ಕಂಡಿರಲಿಲ್ಲ. ಮಿಕ್ಕಿದ್ದನ್ನು ಅವರೇ ಹೇಳುತ್ತಾರೆ, ಪಂಪಿನ ಹಿಡಿ ಬಿಡದೆ.

“ಕೈಗೆ ಬಿಗಿಯಾಗಿ ಸಿಕ್ತು. ಹೊಸದ್ರಲ್ಲಿ ಅದು ಹಂಗೇ ಇರ್ತದೆ ಅಂತ ನಂಗೆ ಗೊತ್ತಿರ್ನಿಲ್ಲ. ಒಣಗೋಗದೆ ಅಂದ್ಕಂಡೆ. ಪಿನ್ನಲ್ಲಿ ರಬ್ಬರು ಎಬ್ಬಿಸ್ದೆ, ಮನೇಲಿದ್ದ ಕೀಲೆಣ್ಣೆ ತುಂಬ್ಬುಟ್ಟೆ. ನಮ್ಮಪ್ಪ ಗಾಡಿಗೆ ಹಾಕ್ತಿದ್ರಲ್ಲ, ಅದು. ಗಾಡಿನೂ ಚಕ್ರನೇ, ಇದೂ ಚಕ್ರನೇ ಅಂತ.”

ಕೀಲೆಣ್ಣೆ ಎಂದರೆ ಹರಳೆಣ್ಣೆಗೆ ಸುಟ್ಟ ಹುಲ್ಲಿನ ಬೂದಿ ಕಲಸಿದ್ದು. ಗಾಡಿ ಮಾರಿ ಎಷ್ಟೋ ವರ್ಷವಾದರೂ ಬಾವಿಯ ರಾಟೆಗೆ, ಗೇಟಿನ ಕೀಲಿಗೆ ಎಂದು ಮನೆಯಲ್ಲಿ ಒಂದು ಡಬ್ಬಿ ಉಳಿದಿತ್ತು. ಗಾಡಿಯ ಕಬ್ಬಿಣದ ಅಚ್ಚಿಗೆ ಅದು ಒಗ್ಗುತ್ತದೆ. ಕಡಲೆಗಿಂತ ಸಣ್ಣ ಉಕ್ಕಿನ ಗುಂಡಿಗೆ ಆ ಬೂದಿಯೇ ಅರ. ಪ್ರಯಾಣದ ಆರನೆಯ ದಿನ, ಕೇರಳದ ಒಂದು ಘಾಟಿಯ ಇಳಿಜಾರಿನಲ್ಲಿ, ಒಳಗೆಲ್ಲ ಸವೆದುಹೋಗಿದ್ದ ಚಕ್ರ ವಾಲಾಡಿ ಸೋಮಶೇಖರ್ ಬಿದ್ದರು. ಹೆಗಲ ಮೂಳೆ ಮುರಿಯಿತು. ಹಿಂದೆ ಬರುತ್ತಿದ್ದ ಬಸ್ಸು ಸಮಯಕ್ಕೆ ನಿಂತಿತು.

ಹದಿನೈದು ದಿನಕ್ಕೆ ಆ ಹಬ್ ಪಾರ್ಸೆಲ್ಲಿನಲ್ಲಿ ಅಂಗಡಿಗೆ ಬಂತು. ಪತ್ರವಿರಲಿಲ್ಲ. ಬಿಚ್ಚಿ ನೋಡಿದ ಮರಿಮಲ್ಲಪ್ಪನವರಿಗೆ ಒಳಗಿದ್ದ ಬೂದುಬಣ್ಣದ ಕೆಸರು ಏನೆಂದು ಹೊಳೆಯಲಿಲ್ಲ. ಕಂಪನಿಯವರ ಮಾಲು ಕೆಟ್ಟದ್ದು ಎಂದರು. ಗುರುಮಲ್ಲಮ್ಮ ಒಂದಿಷ್ಟು ಬೆರಳಿಗೆ ಹಚ್ಚಿ ಮೂಸಿದರು.

“‘ಇದು ನಮ್ಮನೆ ಎಣ್ಣೆ ಕನ್ರೀ’ ಅಂದೆ. ಅವತ್ತು ಇವ್ರು ಉಣ್ನಿಲ್ಲ,” ಎನ್ನುತ್ತಾರೆ ಅವರು.

ಮಾರನೆಯ ದಿನವೇ ಮರಿಮಲ್ಲಪ್ಪ ಚಾಮರಾಜನಗರಕ್ಕೆ ಹೋಗಿ, ಕೈಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದ ಸೋಮಶೇಖರ್ ಎದುರು ತಪ್ಪು ತನ್ನದೇ ಎಂದು ಒಪ್ಪಿಕೊಂಡರು. ಸೋಮಶೇಖರ್ ಬೈಯಲಿಲ್ಲ. ಕಾಫಿ ಕೊಟ್ಟು ಒಂದೇ ಮಾತು ಹೇಳಿದರು: ಮೂರನೆಯ ದಿನದಿಂದಲೇ ಚಕ್ರ ಗೊರಗೊರ ಎನ್ನುತ್ತಿತ್ತು, ಬಿಚ್ಚಿ ನೋಡುವುದು ನನಗೆ ಗೊತ್ತಿದ್ದರೆ ಅಲ್ಲೇ ನಿಲ್ಲಿಸುತ್ತಿದ್ದೆ, ಎಂದು. ಈಗ ಫೋನಿನಲ್ಲಿ ವಿಚಾರಿಸಿದರೆ ಸೋಮಶೇಖರ್ ನಗುತ್ತಾರೆ. “ಮೂಳೆ ಕೂಡ್ಕೊಂಡಿದೆ. ಈಗ್ಲೂ ಚಕ್ರ ಅವ್ರ ಹತ್ರಾನೇ ಕಟ್ಟಿಸ್ತೀನಿ. ಬಸ್ ಹತ್ಕೊಂಡು ಬಂದು ತಪ್ಪು ನಂದು ಅಂದ ಮೆಕ್ಯಾನಿಕ್ ಇನ್ನೊಬ್ರು ನಂಗೆ ಸಿಕ್ಕಿಲ್ಲ.”

ಆವತ್ತು ಬಸ್ಸಿನಲ್ಲಿ ವಾಪಸು ಬರುವಾಗ ಮಾಡಿಕೊಂಡ ಕಟ್ಟುಪಾಡು ಇವತ್ತಿಗೂ ನಡೆದಿದೆ. ಹಬ್ಬಿನೊಳಗಿನ ಸಾಮಾನು ದಾರಿಯ ಊರುಗಳಲ್ಲಿ ಸಿಗುವಂತಿರಬೇಕು. ಅದನ್ನು ಬಿಚ್ಚಿ ಜೋಡಿಸಲು ಸವಾರರಿಗೇ ಬರಬೇಕು. ಈ ಎರಡರಲ್ಲಿ ಒಂದು ತಪ್ಪಿದರೂ ಚಕ್ರ ಅಂಗಡಿಯಿಂದ ಹೊರಗೆ ಹೋಗುವುದಿಲ್ಲ.

ಕಥೆ ಕೇಳಿದ ಮಾನಸ ಹಬ್ಬುಗಳನ್ನು ಮತ್ತೆ ಹೊರಗೆ ತೆಗೆಯುತ್ತಾರೆ. “ಬೇರಿಂಗ್ ಮೇಲೆ ನಂಬರ್ ಇದೆ ನೋಡಿ. ಸೈಕಲ್ ಅಂಗಡೀಲಿ ಸಿಗ್ದಿದ್ರೆ ಮೋಟರ್ ಅಂಗಡೀಲಿ ಸಿಗ್ಬೋದಲ್ವಾ?”

ಮರಿಮಲ್ಲಪ್ಪ ಪಂಪು ನಿಲ್ಲಿಸುತ್ತಾರೆ. ಕನ್ನಡಕ ಹಾಕಿಕೊಂಡು ರಬ್ಬರಿನ ಮೇಲಿನ ಸಣ್ಣ ಅಂಕಿಗಳನ್ನು ಓದುತ್ತಾರೆ. ಮುಂದಿನ ಹಬ್ಬಿನಲ್ಲಿ 6000. ಹಿಂದಿನದರಲ್ಲಿ 6902. ಎಂಟು ವರ್ಷದಿಂದ ಸೀಲ್ ಬೇರಿಂಗ್ ಎಂದರೆ ಬೇಡ ಎನ್ನುತ್ತಾ ಬಂದವರಿಗೆ, ಆ ನಂಬರನ್ನು ಹಿಡಿದುಕೊಂಡು ಬೇರೆ ಅಂಗಡಿಯ ಬಾಗಿಲು ತಟ್ಟಬಹುದು ಎಂದು ತೋಚಿರಲಿಲ್ಲ. “ಇರವ್ವ, ಎರಡ್ ದಿನ ಕೊಡು,” ಎನ್ನುತ್ತಾರೆ.

ಎರಡು ದಿನ ಅಂಗಡಿಯ ಪಂಕ್ಚರುಗಳನ್ನೆಲ್ಲ ಗುರುಮಲ್ಲಮ್ಮನವರೇ ಹಾಕುತ್ತಾರೆ. ಮರಿಮಲ್ಲಪ್ಪ ನಂಬರು ಬರೆದ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಮೊಪೆಡ್ ಏರಿ, ಪಂಪ್‌ಸೆಟ್ ಮೋಟರಿಗೆ ತಂತಿ ಸುತ್ತುವ ಅಂಗಡಿಗಳನ್ನು ಸುತ್ತುತ್ತಾರೆ. ಗುಂಡ್ಲುಪೇಟೆಯಲ್ಲಿ ಎರಡು, ತೆರಕಣಾಂಬಿಯಲ್ಲಿ ಒಂದು, ಚಾಮರಾಜನಗರದಲ್ಲಿ ಎರಡು. ಐದರಲ್ಲಿ ನಾಲ್ಕು ಕಡೆ 6000 ಸಿಗುತ್ತದೆ; ಮಸಾಲೆ ಅರೆಯುವ ಸಣ್ಣ ಯಂತ್ರಗಳಿಗೂ ಅದೇ ಬೀಳುತ್ತದಂತೆ. 6902 ಎಂದರೆ ಎಲ್ಲರೂ ತಲೆ ಆಡಿಸುತ್ತಾರೆ. ಚಾಮರಾಜನಗರದ ಅಂಗಡಿಯಾತ “ಯಾವ ಮಿಷನ್ನಿಗೆ ಅಣ್ಣ ಇದು?” ಎಂದು ಕೇಳುತ್ತಾನೆ. “ಮೇಷ್ಟ್ರಮ್ಮನ ಸೈಕಲ್ಗೆ,” ಎನ್ನುತ್ತಾರೆ ಇವರು.

ಪಂಪ್‌ಸೆಟ್ ಇಲ್ಲದ ಊರು ಈ ದಾರಿಯಲ್ಲಿ ಇಲ್ಲ. ಹಾಗಾಗಿ ಮುಂದಿನ ನೀಲಿ ಹಬ್ ಪಾಸು, ಹಿಂದಿನದು ನಪಾಸು. ಮುಂದಕ್ಕೆ ಮೂವತ್ತೆರಡು ಕಡ್ಡಿ ಸಾಕು ಎಂಬುದಕ್ಕೂ ಅವರಲ್ಲಿ ಆಧಾರವಿದೆ: ಹಾಲು, ಹುಲ್ಲು ಹೊರುವ ಹಳೆಯ ಸೈಕಲ್ಲಿಗೂ ಮುಂದೆ ಮೂವತ್ತೆರಡೇ, ಹಿಂದೆ ನಲವತ್ತು. ಭಾರ ಕೂರುವುದು ಹಿಂದೆ. ಹಿಂದಿನದಕ್ಕೆ ಮಾತ್ರ ಅವರದೇ ಆಯ್ಕೆ ಆಗಬೇಕು.

ಶನಿವಾರ ಬೆಳಿಗ್ಗೆ, ಲಾರಿಗಳು ಏಳುವ ಮೊದಲು, ಬಿಸ್ಕತ್ತಿನ ಡಬ್ಬದಿಂದ ಮೂರು ಹಬ್ ಹೊರಗೆ ಬರುತ್ತವೆ. ಮಾನಸ ಹಿಂದಿನ ಸಂಜೆಯೇ ಬಂದು ಗುರುಮಲ್ಲಮ್ಮನವರ ಮನೆಯಲ್ಲಿ ಉಳಿದಿದ್ದಾರೆ. ಮೊದಲನೆಯದರ ತೂತಿನ ಪಕ್ಕದಲ್ಲಿ ಕೂದಲಿನಷ್ಟು ಸಣ್ಣ ಬಿರುಕು. ಅದು ಹಾಗೆಯೇ ಪಕ್ಕಕ್ಕೆ ಹೋಗುತ್ತದೆ. ಎರಡನೆಯದು ನೋಡಲು ಗಟ್ಟಿ. ಚೈನು ಎಳೆಯುವ ಹಲ್ಲುಗಾಲಿಯನ್ನು, ಅಂದರೆ ಫ್ರೀವೀಲನ್ನು, ಮೇಲಿಂದ ತಿರುಪಿ ಕೂರಿಸುವ ಹಳೆಯ ನಮೂನೆ.

“ಇದ್ಯಾಕ್ ಬೇಡ?” ಮಾನಸ ಕೇಳುತ್ತಾರೆ.

“ಮಂಚದ ಒಂದ್ ಕಡೆ ಕಾಲ್ನ ನಡುಮಧ್ಯಕ್ಕೆ ಜರುಗ್ಸಿ, ನೀನು ಆ ಅಂಚಿಗೆ ಕೂತ್ಕಂಡ್ರೆ ಏನಾಯ್ತದೆ?”

“ಮುರಿಯುತ್ತೆ.”

“ಇದೂ ಅಂಗೇ. ಫ್ರೀವೀಲ್ಗೆ ಜಾಗ ಬುಡಕ್ಕೆ ಗುಂಡಿನ ಸಾಲ್ನ ಒಳಕ್ಕೆ ತಳ್ಬುಟ್ಟವ್ರೆ. ಅಂಚಲ್ಲಿ ಅಚ್ಚು ಒಂದೇ ಭಾರ ಹೊರ್ಬೇಕು. ಅವತ್ತು ನಮ್ಮ ಅಂಗ್ಡಿ ಮುಂದೆ ಮುರೀತಲ್ಲ, ಅದು ಇಂಥದೇ. ಗೊತ್ತಾಗಕ್ಕೆ ನಂಗೆ ಎರಡ್ ವರ್ಷ ಬೇಕಾಯ್ತು.”

ಮೂರನೆಯದು ಬೂದುಬಣ್ಣದ್ದು, ಕಳೆಗೆಟ್ಟದ್ದು. ಮೂವತ್ತಾರು ತೂತು. ಎರಡು ಸಾಲು ಗುಂಡುಗಳೂ ಎರಡು ಅಂಚಿನ ಹತ್ತಿರಕ್ಕೆ ಇವೆ. ಬಿಚ್ಚಲು ಎರಡು ಸ್ಪ್ಯಾನರ್ ಸಾಕು, ಒಳಗಿನ ಗುಂಡು ಯಾವ ಊರಿನ ಸೈಕಲ್ ಅಂಗಡಿಯಲ್ಲೂ ಸಿಗುತ್ತದೆ. ಮರಿಮಲ್ಲಪ್ಪ ಕಿವಿಗೆ ಒತ್ತಿ ಕೇಳಿ, ಸಂದೇಹದಿಂದ ಹೆಂಡತಿಯ ಕಡೆಗೆ ದಾಟಿಸುತ್ತಾರೆ. ಗುರುಮಲ್ಲಮ್ಮ ಅಚ್ಚನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿ, “ಎಡಗಡೆ ಕೋನು ಒಂದ್ ಚುಕ್ಕಿ ತಿಂದದೆ,” ಎನ್ನುತ್ತಾರೆ. ಬಿಚ್ಚಿ ನೋಡಿದರೆ ಗುಂಡುಗಳಿಗೆ ಒರಗುವ ಆ ಶಂಕುವಿನಾಕಾರದ ತುಂಡಿನ ಮೇಲೆ ಸಾಸಿವೆಗಿಂತ ಸಣ್ಣ ಗುಳಿ. ಹೊಸ ಕೋನು ಬೀಳುತ್ತದೆ. ಹತ್ತು ಗಂಟೆಗೆ ಕಡ್ಡಿ ಹೆಣೆಯಲು ಕೂತವರು ಎದ್ದದ್ದು ಸಂಜೆ ನಾಲ್ಕಕ್ಕೆ.

ಭಾನುವಾರ ಪರೀಕ್ಷೆ. ಮುಂದಿನ ನೀಲಿ ಹಬ್ಬಿನ ಬೇರಿಂಗ್ ಕೀಳಲು, ಕೂರಿಸಲು ಮರಿಮಲ್ಲಪ್ಪ ಉದ್ದನೆಯ ಬೋಲ್ಟು, ನಟ್ಟು, ಎರಡು ದಪ್ಪ ವಾಷರಿನಿಂದ ಒಂದು ಸಾಧನ ಮಾಡಿಟ್ಟಿದ್ದಾರೆ. ಮಾನಸ ಅದನ್ನು ಎರಡನೆಯ ಸಲಕ್ಕೇ ಕಲಿಯುತ್ತಾರೆ. ಕಷ್ಟವಿರುವುದು ಹಿಂದಿನದರಲ್ಲಿ. ಒಂದೊಂದು ಬದಿಗೂ ಒಂಬತ್ತು ಗುಂಡು, ಗ್ರೀಸು ಮೆತ್ತಿ ಕೂರಿಸಿ, ಕೋನನ್ನು ಬಿಗಿಯೂ ಅಲ್ಲ ಸಡಿಲವೂ ಅಲ್ಲ ಎನ್ನುವಂತೆ ನಿಲ್ಲಿಸಬೇಕು. ಪರೀಕ್ಷಕರು ಗುರುಮಲ್ಲಮ್ಮ. ಮಾನಸ ಜೋಡಿಸಿ, ತಿರುಗಿಸಿ, ಸರಿಯಾಗಿದೆ ಎಂದು ಕೊಡುತ್ತಾರೆ. ಗುರುಮಲ್ಲಮ್ಮ ಅದನ್ನು ನೋಡುವುದೂ ಇಲ್ಲ. ಮುಚ್ಚಿಕೊಂಡಿದ್ದ ಎಡಗೈಯನ್ನು ಬಿಚ್ಚುತ್ತಾರೆ. ಅಂಗೈಯಲ್ಲಿ ಒಂದು ಗುಂಡು.

“ಲೆಕ್ಕದ ಮೇಷ್ಟ್ರಮ್ಮ ಎಂಟಕ್ಕೇ ನಿಲ್ಸ್ಬುಟ್ರಲ್ಲ.”

ಮಾನಸ ಕೆಂಪಾಗುತ್ತಾರೆ. “ನೀವು ಕದ್ದಿದ್ದು.”

“ನಾನ್ ಕದ್ರೆ ಅಂಗೈಲಿರ್ತದೆ. ದಾರೀಲಿ ಹುಲ್ಲಿಗ್ ಬಿದ್ರೆ ಯಾರ್ ತೋರುಸ್ತಾರೆ? ಬಿಚ್ಚು ಕಣಮ್ಮಿ.”

ಎರಡನೆಯ ಸಲ ಗುಂಡು ಸರಿ, ಕೋನು ಬಿಗಿ. ಮೂರನೆಯ ಸಲ ಹೊತ್ತು ಇಳಿಯುತ್ತಿದೆ. ಇನ್ನು ಆಗದಿದ್ದರೆ ಸೋಮವಾರದ ಪ್ರಯಾಣವಿಲ್ಲ ಎಂಬುದು ಮೂವರಿಗೂ ಗೊತ್ತು. ಮರಿಮಲ್ಲಪ್ಪ ನೋಡಲಾರದೆ ಹೊರಗೆ ಹೋಗಿ ಬೀಡಾ ಅಂಗಡಿಯ ಮುಂದೆ ನಿಲ್ಲುತ್ತಾರೆ. ಒಳಗೆ ಮಾನಸ ಬಟ್ಟೆಯ ಮೇಲೆ ಗುಂಡುಗಳನ್ನು ಮೂರುಮೂರರಂತೆ ಸಾಲಾಗಿ ಇಡುತ್ತಾರೆ. ಒಂದು ಸಾಲಿನಲ್ಲಿ ಎರಡೇ ನಿಲ್ಲುತ್ತವೆ. ತಲೆಯೆತ್ತದೆ ಕೈ ಚಾಚುತ್ತಾರೆ. “ಕೊಡಿ ಅಮ್ಮ.”

ಗುರುಮಲ್ಲಮ್ಮ ಸೆರಗಿನ ಗಂಟು ಬಿಚ್ಚಿ ಒಂಬತ್ತನೆಯ ಗುಂಡನ್ನು ಕೊಡುತ್ತಾರೆ. ಅದೂ ಸೇರಿ ಜೋಡಣೆ ಮುಗಿದ ಮೇಲೆ ಅಚ್ಚನ್ನು ಬೆರಳಲ್ಲಿ ಹಿಡಿದು ತುಂಬ ಹೊತ್ತು ತಿರುಗಿಸುತ್ತಾರೆ. ಆಮೇಲೆ ಹೊರಗಿದ್ದವರನ್ನು ಕೂಗುತ್ತಾರೆ: “ಬನ್ನಿ ಒಳಕ್ಕೆ. ಓಗ್ಲಿ ಅವ್ಳು.”

ಸೋಮವಾರ ಮಾನಸ ಹೊರಡುತ್ತಾರೆ. ಇಂಥ ಚಕ್ರ ಹೊರಗೆ ಹೋದ ದಿನದಿಂದ ಮರಿಮಲ್ಲಪ್ಪನವರ ನಿದ್ದೆ ಕಡಿಮೆ ಎನ್ನುತ್ತಾರೆ ಗುರುಮಲ್ಲಮ್ಮ. ಫೋನು ಬಂದರೆ ತಾವು ಎತ್ತುವುದಿಲ್ಲ, ಹೆಂಡತಿಯ ಕಡೆಗೆ ತಳ್ಳುತ್ತಾರೆ. ಈ ಸಲ ಆತಂಕ ಇನ್ನೂ ಹೆಚ್ಚು. ಎಂಟು ವರ್ಷದ ಮೇಲೆ ಮೊದಲ ಬಾರಿಗೆ ಅವರ ಕೈಯಿಂದ ಸೀಲ್ ಬೇರಿಂಗಿನ ಚಕ್ರ ಹೊರಗೆ ಹೋಗಿದೆ.

ಹನ್ನೊಂದನೆಯ ದಿನ ಬೆಳಿಗ್ಗೆ ಫೋನು ಬರುತ್ತದೆ. ಮರಿಮಲ್ಲಪ್ಪ ಒಬ್ಬ ಪುಟ್ಟ ಹುಡುಗಿಯ ಸೈಕಲ್ಲಿಗೆ ಗಾಳಿ ಹಾಕುತ್ತಿದ್ದಾರೆ. ಗುರುಮಲ್ಲಮ್ಮ ಫೋನಿಗೆ “ಎಲ್ಲಿದ್ದಿಯಮ್ಮಿ?” ಎಂದದ್ದು ಕೇಳಿ ಪಂಪಿನ ಹಿಡಿ ಮೇಲಕ್ಕೆ ಬಂದದ್ದು ಅಲ್ಲೇ ನಿಲ್ಲುತ್ತದೆ. ಮಾತು ಹತ್ತು ನಿಮಿಷ ನಡೆಯುತ್ತದೆ. ಗುರುಮಲ್ಲಮ್ಮ ನಗುತ್ತಾರೆ, ಅಯ್ಯೋ ಎನ್ನುತ್ತಾರೆ, ಎಣ್ಣೆ ಹಚ್ಚಿಕೋ ಎನ್ನುತ್ತಾರೆ, ಇಡುತ್ತಾರೆ.

“ಏನಂತೆ?”

“ಕನ್ಯಾಕುಮಾರಿಗ್ ಬಂದವ್ಳಂತೆ. ಸಮುದ್ರಕ್ಕೆ ಇಳ್ದು ಮೊಬೈಲ್ ನೆನಸ್ಕಂಡಿದ್ಲಂತೆ. ಮೂಗು ಸುಟ್ಟು ಕರ್ರಗಾಗದಂತೆ. ಯಾರೋ ಒಬ್ಳು ಅಜ್ಜಿ ಮನೇಲಿ ಮಲಗಿಸ್ಕಂಡು ಕೂಳು ಇಕ್ಕಿದ್ಲಂತೆ.”

“ಚಕ್ರ?”

“ಚಕ್ರದ ಸುದ್ದಿನೇ ಎತ್ನಿಲ್ಲ. ನಾನೂ ಕ್ಯೋಳೋದ್ ಮರ್ತೆ. ತಡೀರಿ, ತಿರ್ಗಾ ಮಾಡ್ತಿನಿ.”

“ಬ್ಯಾಡ ಬುಡಮ್ಮಿ.” ಮರಿಮಲ್ಲಪ್ಪ ಪಂಪಿನ ಹಿಡಿಯನ್ನು ಕೆಳಕ್ಕೆ ಒತ್ತುತ್ತಾರೆ. “ಮರ್ತವ್ಳೆ ಅಂದ್ರೆ ಚೆನ್ನಾಗೇ ತಿರುಗ್ತಾ ಅದೆ.”